ತೂಕ ಇಳಿಯದಿದ್ದರೂ ನಡಿಗೆ ಬಿಡಬೇಡಿ: ವ್ಯಾಯಾಮ ಮಾಡಿದಾಗ ಮೈಯ ಕೊಬ್ಬಿಗೆ ಏನಾಗುತ್ತದೆ?

ಕೋಡಿಬಾಗದ ಅಕ್ಕ, ಕಾರವಾರ

ಎಲ್ಲರಿಗೂ ನಮಸ್ಕಾರ. ನನಗೆ ಐವತ್ತು ದಾಟಿದೆ. ದೀಪಾವಳಿ ಕಳೆದಮೇಲಿಂದ ದಿನಾ ಬೆಳಿಗ್ಗೆ ಟಾಗೋರ್ ಬೀಚಿನಲ್ಲಿ ನಡೆಯುತ್ತಿದ್ದೇನೆ. ಬೀಸು ನಡಿಗೆ, ಮುಕ್ಕಾಲು ಗಂಟೆ. ತೂಕ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಆದರೆ ಲಂಗದ ಲಾಡಿಯನ್ನು ಮೊದಲಿಗಿಂತ ಎಳೆದು ಕಟ್ಟಬೇಕಾಗಿದೆ. ಮೊನ್ನೆ ರಕ್ತ ತಪಾಸಣೆ ಮಾಡಿಸಿದಾಗ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಕೊಬ್ಬು ಕೂಡ ಇಳಿದಿತ್ತು. ನಮ್ಮ ನಾದಿನಿ ಹೇಳುವುದು, ತೂಕ ಇಳಿಯದ ಮೇಲೆ ಕೊಬ್ಬು ಕರಗಿಲ್ಲ ಅಂತಲೇ ಅರ್ಥ, ಸುಮ್ನೆ ಯಾಕೆ ಒದ್ದಾಡುತ್ತೀ ಅಂತ. ಇನ್ನೇನು ಮಳೆಗಾಲವೂ ಬಂತು. ಬಿಟ್ಟುಬಿಡಲಾ ಅನಿಸುತ್ತಿದೆ. ಒಳಗೆ ನಿಜವಾಗಿ ಏನಾಗುತ್ತಿದೆ ಎಂದು ತಿಳಿದವರು ಯಾರಾದರೂ ಹೇಳುತ್ತೀರಾ?

ಶಿರಸಿ ಮೇಷ್ಟ್ರು

ಅಕ್ಕಾ, ದಯವಿಟ್ಟು ಬಿಡಬೇಡಿ. ಲಾಡಿ ಸಡಿಲವಾದದ್ದು, ಟ್ರೈಗ್ಲಿಸರೈಡ್ ಇಳಿದದ್ದು, ಎರಡೂ ಒಳ್ಳೆಯ ಸುದ್ದಿ. ತೂಕದ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ, ಅಷ್ಟೇ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು, ವೈದ್ಯನಲ್ಲ. ಈ ವಿಷಯವನ್ನು ಮಾತ್ರ ಆಸಕ್ತಿಯಿಂದ ಓದುತ್ತಾ ಬಂದಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕೊಬ್ಬು ಎಂದರೆ ಮೈಗೆ ಮೆತ್ತಿಕೊಂಡ ಬೇಡದ ವಸ್ತು ಎಂದು ಬಹಳ ಜನ ತಿಳಿದಿದ್ದಾರೆ. ಅದು ಜೀವ ಇರುವ ಅಂಗ. ಅದರಲ್ಲಿ ರಕ್ತನಾಳ ಇದೆ, ನರ ಇದೆ, ರೋಗದ ವಿರುದ್ಧ ಹೋರಾಡುವ ಕೋಶಗಳೂ ಇವೆ. ಹಾರ್ಮೋನನ್ನೂ ಅದು ತಯಾರಿಸುತ್ತದೆ. 1994ರಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಪತ್ತೆ ಮಾಡಿತು. ಮೈಯಲ್ಲಿ ಎಷ್ಟು ಕೊಬ್ಬು ಉಳಿತಾಯವಾಗಿದೆ ಎಂದು ಮೆದುಳಿಗೆ ತಿಳಿಸುವುದು ಅದರ ಕೆಲಸ. ಅದು ಹುಟ್ಟುವುದು ಕೊಬ್ಬಿನಲ್ಲೇ.

ನಮ್ಮ ಕಡೆಯವರಿಗೆ ಅಡಿಕೆ ಇಡುವ ಕೋಣೆ ಗೊತ್ತಲ್ಲ. ಒಣಗಿದ, ಗಾಳಿಯಾಡುವ ಕೋಣೆಯಾದರೆ ಚೀಲಗಳು ಕೆಡದೆ ಉಳಿಯುತ್ತವೆ. ಕೋಣೆ ತುಂಬಿ ತುಳುಕಿ, ತೇವ ಹಿಡಿದು, ಗಾಳಿ ನಿಂತರೆ ಅಡಿಕೆಗೆ ಬೂಸ್ಟು ಹಿಡಿಯುತ್ತದೆ. ಹೊಸ ಅಡಿಕೆಯನ್ನು ಜಗಲಿಯಲ್ಲೋ ಅಡುಗೆಮನೆಯಲ್ಲೋ ಸುರಿಯಬೇಕಾಗುತ್ತದೆ. ಚರ್ಮದ ಕೆಳಗಿನ ಕೊಬ್ಬು ಆ ಕೋಣೆ. ಅದು ಆರೋಗ್ಯವಾಗಿದ್ದರೆ ಹೆಚ್ಚಾದ ಎಣ್ಣೆಯಂಶ ಅಲ್ಲಿ ಸುಖವಾಗಿ ಕೂರುತ್ತದೆ. ಅದು ಕೆಟ್ಟರೆ ಲಿವರ್, ಸ್ನಾಯು, ಪ್ಯಾಂಕ್ರಿಯಾಸ್, ಕರುಳಿನ ಸುತ್ತ, ಹೀಗೆ ಸೇರಬಾರದ ಕಡೆ ಹೋಗಿ ಸೇರುತ್ತದೆ. ಸಕ್ಕರೆ ಕಾಯಿಲೆ, ಫ್ಯಾಟಿ ಲಿವರ್, ಹೃದಯದ ತೊಂದರೆಗಳಿಗೆ ದಾರಿಯಾಗುವುದು ಹೆಚ್ಚಾಗಿ ಅಲ್ಲಿಂದಲೇ.

ವ್ಯಾಯಾಮದ ದೊಡ್ಡ ಉಪಕಾರ ಇರುವುದು ಇಲ್ಲೇ. ಅದು ಕೊಬ್ಬನ್ನು ಖಾಲಿ ಮಾಡದಿದ್ದರೂ ಕೊಬ್ಬಿನ ಗುಣವನ್ನು ಬದಲಿಸುತ್ತದೆ.

ಹೊನ್ನಾವರ ಜಿಮ್ ಹುಡುಗ

ಮೇಷ್ಟ್ರೇ, ಹಾಗಾದರೆ ಕೊಬ್ಬು ಇರುವುದೇ ಒಳ್ಳೆಯದು ಅನ್ನುತ್ತೀರಾ? ನಾವು ಇಲ್ಲಿ ಕರಗಿಸುವುದಕ್ಕೆ ಬೆವರು ಸುರಿಸುತ್ತಿದ್ದೇವೆ.

ಶಿರಸಿ ಮೇಷ್ಟ್ರು

ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ, ಹೇಗಿದೆ ಎನ್ನುವುದು ಮುಖ್ಯ ತಮ್ಮಾ. ಎರಡು ಉದಾಹರಣೆ ಕೊಡುತ್ತೇನೆ. ಕೇಳಿದ ಮೇಲೆ ನೀನೇ ಯೋಚಿಸು.

ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆ ಇದೆ. ಅದು ಬಂದವರ ಮೈಯಲ್ಲಿ ಕೊಬ್ಬಿನ ಅಂಗಾಂಶ ತೀರಾ ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು. ನೋಡಲು ಸಪೂರ. ಆದರೆ ಅವರಿಗೆ ತೀವ್ರವಾದ ಸಕ್ಕರೆ ಕಾಯಿಲೆ ಬರುತ್ತದೆ, ಲಿವರಿನಲ್ಲಿ ಕೊಬ್ಬು ತುಂಬುತ್ತದೆ, ಟ್ರೈಗ್ಲಿಸರೈಡ್ ವಿಪರೀತ ಏರುತ್ತದೆ. ಇಡುವ ಜಾಗವೇ ಇಲ್ಲದಿದ್ದರೆ ಆಗುವುದು ಹಾಗೆ.

ಇನ್ನೊಂದು, ಅಮೆರಿಕದ ಸ್ಯಾಮುಯೆಲ್ ಕ್ಲೈನ್ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನ. ದಪ್ಪ ಮೈಯ 15 ಹೆಂಗಸರ ಹೊಟ್ಟೆಯ ಚರ್ಮದ ಕೆಳಗಿನ ಕೊಬ್ಬನ್ನು ಲೈಪೊಸಕ್ಷನ್ ಮಾಡಿ ತೆಗೆದರು. ಒಬ್ಬೊಬ್ಬರಿಂದ ಸುಮಾರು 10 ಕಿಲೊ. ತೂಕ ಇಳಿಯಿತು, ಸೊಂಟ ಇಳಿಯಿತು. ಕೆಲವು ವಾರ ಬಿಟ್ಟು ನೋಡಿದರೆ ರಕ್ತದ ಸಕ್ಕರೆ ಇಳಿಸುವ ಹಾರ್ಮೋನಾದ ಇನ್ಸುಲಿನ್ನಿನ ಕೆಲಸ ಸುಧಾರಿಸಿರಲಿಲ್ಲ. ರಕ್ತದೊತ್ತಡ, ಕೊಲೆಸ್ಟರಾಲ್ ಕೂಡ ಬದಲಾಗಿರಲಿಲ್ಲ. ಅಂದರೆ ತೂಕ ಕಡಿಮೆಯಾದ ಮಾತ್ರಕ್ಕೆ ಆರೋಗ್ಯ ಬರುವುದಿಲ್ಲ. ನಡೆದು, ಓಡಿ, ದುಡಿದು ಬರುವ ಬದಲಾವಣೆಯೇ ಬೇರೆ.

ಕೋಡಿಬಾಗದ ಅಕ್ಕ, ಕಾರವಾರ

ಇದು ನನಗೆ ಹೊಸ ವಿಷಯ ಮೇಷ್ಟ್ರೇ. ವ್ಯಾಯಾಮದಿಂದ ಕೊಬ್ಬಿನ ಗುಣ ಬದಲಾಗುತ್ತದೆ ಅಂತ ಹೇಗೆ ಕಂಡುಹಿಡಿದರು? ತೆಗೆದು ನೋಡಿದ್ದಾರಾ?

ಶಿರಸಿ ಮೇಷ್ಟ್ರು

ತೆಗೆದೇ ನೋಡಿದ್ದಾರೆ ಅಕ್ಕಾ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಹೊರೊವಿಟ್ಜ್ ಅವರ ತಂಡ ಈ ಕೆಲಸ ಮಾಡುತ್ತಿದೆ. 2024ರಲ್ಲಿ ಬಂದ ಅವರ ಅಧ್ಯಯನದಲ್ಲಿ 16 ಜನರ ಎರಡು ಗುಂಪು ಇತ್ತು. ಎಲ್ಲರೂ ದಪ್ಪ ಮೈಯವರು. ಎರಡೂ ಗುಂಪಿನ ತೂಕ, ಕೊಬ್ಬಿನ ಪ್ರಮಾಣ ಒಂದೇ ಇರುವ ಹಾಗೆ ಆರಿಸಿದ್ದರು. ಒಂದು ಗುಂಪಿನವರು ಕಡಿಮೆ ಎಂದರೂ 2 ವರ್ಷ ವ್ಯಾಯಾಮ ಬಿಡದೆ ಮಾಡಿದವರು. ಇನ್ನೊಂದು ಗುಂಪಿಗೆ ಆ ರೂಢಿ ಇಲ್ಲ. ಹೊಟ್ಟೆಯ ಚರ್ಮದ ಕೆಳಗಿನಿಂದ ಚೂರು ಕೊಬ್ಬು ತೆಗೆದು ಪರೀಕ್ಷೆ ಮಾಡಿದರು.

ವ್ಯಾಯಾಮದವರ ಕೊಬ್ಬಿನಲ್ಲಿ ರಕ್ತನಾಳಗಳು ಜಾಸ್ತಿ ಇದ್ದವು. ಮೈಟೊಕಾಂಡ್ರಿಯಾ, ಅಂದರೆ ಕೋಶದೊಳಗೆ ಇಂಧನ ಉರಿಸುವ ಭಾಗ, ಅದೂ ಜಾಸ್ತಿ. ಕೊಬ್ಬಿನ ಕೋಶಗಳ ಸುತ್ತ ಗಟ್ಟಿಯಾಗಿ ಬಿಗಿಯುವ ಕೊಲಾಜನ್ ಎಂಬ ನಾರಿನ ಒಂದು ಬಗೆ ಕಡಿಮೆ. ಉರಿಯೂತ ಹುಟ್ಟಿಸುವ ಕೋಶಗಳು ಕಡಿಮೆ. ಇದೇ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿದಾಗ, ಕೊಬ್ಬನ್ನು ಒಳಗೆ ಇಟ್ಟುಕೊಳ್ಳುವ ಶಕ್ತಿಯೂ ಹೆಚ್ಚು ಇತ್ತು. ಒಂದೇ ತೂಕ, ಒಂದೇ ಕೊಬ್ಬು, ಗುಣ ಮಾತ್ರ ಬೇರೆ.

ಇದಕ್ಕೆ ಮಿತಿಯೂ ಇದೆ. 32 ಜನ ಎಂದರೆ ಸಣ್ಣ ಸಂಖ್ಯೆ. ವರ್ಷಗಟ್ಟಲೆ ವ್ಯಾಯಾಮ ಮಾಡುವವರ ಊಟ, ನಿದ್ದೆಯೂ ಬೇರೆ ಇರಬಹುದಲ್ವಾ? ಅದಕ್ಕೇ ಅದೇ ತಂಡ ಮೊದಲೇ, 2022ರಲ್ಲಿ ಪ್ರಕಟಿಸಿದ ಕೆಲಸವನ್ನೂ ಜೊತೆಗೆ ನೋಡಬೇಕು. ಅದರಲ್ಲಿ ವ್ಯಾಯಾಮದ ರೂಢಿ ಇಲ್ಲದ ದಪ್ಪ ಮೈಯವರಿಗೆ 12 ವಾರ ತರಬೇತಿ ಕೊಟ್ಟರು. ತೂಕ ಇಳಿಯದ ಹಾಗೆ ಬೇಕೆಂದೇ ನೋಡಿಕೊಂಡರು. ಆದರೂ ಚರ್ಮದ ಕೆಳಗಿನ ಕೊಬ್ಬಿನ ರಚನೆ ಬದಲಾಯಿತು. ಕೆಲವರು ಸಾಧಾರಣ ವೇಗದಲ್ಲಿ ಮುಕ್ಕಾಲು ಗಂಟೆ, ಇನ್ನು ಕೆಲವರು ಒಂದೊಂದು ನಿಮಿಷ ಜೋರಾಗಿ ಮಾಡಿ ಮಧ್ಯೆ ಬಿಡುವು ಕೊಡುವ ರೀತಿ. ಎರಡರಲ್ಲೂ ಫಲ ಹೆಚ್ಚುಕಡಿಮೆ ಒಂದೇ. ನಿಮ್ಮ ಮುಕ್ಕಾಲು ಗಂಟೆಯ ನಡಿಗೆಯೂ ಇದೇ ದಾರಿಯದ್ದು.

ಹಳೇ ಅಂಕೋಲಾ

ಎಲ್ಲ ಹೊರದೇಶದ್ದೇ. ಅಲ್ಲಿಯವರ ಮೈ ಬೇರೆ, ನಮ್ಮದು ಬೇರೆ. ಇಲ್ಲಿ ಸಪೂರ ಇರುವವರಿಗೇ ಶುಗರ್ ಬರುತ್ತಿದೆ. ನಮ್ಮ ಓಣಿಯಲ್ಲೇ ನೋಡಿ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ.

ಶಿರಸಿ ಮೇಷ್ಟ್ರು

ನಿಮ್ಮ ಮಾತು ಸರಿಯಾಗಿಯೇ ಇದೆ. ನಮ್ಮ ಮೈ ಬೇರೆ ಎನ್ನುವುದಕ್ಕೆ ಪುಣೆಯಲ್ಲೇ ಸಾಕ್ಷಿ ಇದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಅಳತೆ ಪ್ರಕಟಿಸಿದರು. ಎತ್ತರಕ್ಕೆ ತೂಕ ಎಷ್ಟು ಎಂದು ಹೇಳುವ ಬಿಎಂಐ ಇಬ್ಬರದೂ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1. ಯಾಜ್ಞಿಕ್ ಮೈಯಲ್ಲಿ ಶೇ. 21.2. ಯಾಜ್ಞಿಕರ ತಂಡ ಪುಣೆಯ ಸುತ್ತಿನ ಹಳ್ಳಿಗಳಲ್ಲಿ ಹುಟ್ಟಿದ ಶಿಶುಗಳನ್ನೂ ಅಳೆದಿತ್ತು. ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಮಕ್ಕಳಿಗಿಂತ ಎಷ್ಟೋ ಕಡಿಮೆ. ಸ್ನಾಯು ಕಡಿಮೆ, ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ.

ಅದಕ್ಕೇ ನಮಗೆ ಅಳತೆಗೋಲು ಬೇರೆ ಇಟ್ಟಿದ್ದಾರೆ. ಬಿಎಂಐ 23 ಆದರೆ ಹೆಚ್ಚು ತೂಕ, 25 ಆದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದನ್ನು ದಾಟಿದರೆ ಎಚ್ಚರ ಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಅಂದಾಜಿನಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಗೋವಾದಲ್ಲಿ, ಶೇ. 26.4. ಮಾಜಾಳಿ ದಾಟಿದರೆ ಗೋವಾ. ಅವರ ಅನ್ನ, ಮೀನು, ತೆಂಗು ನಮ್ಮದಕ್ಕಿಂತ ಬಹಳ ಬೇರೆಯೇನಲ್ಲ. ನನಗೆ ಈ ಅಂಕಿ ನೋಡಿದಾಗಲೆಲ್ಲ ಕಳವಳವಾಗುತ್ತದೆ.

ಚರ್ಮದ ಕೆಳಗೆ ಇಡುವ ಜಾಗ ನಮಗೆ ಬೇಗ ತುಂಬುತ್ತದೆ ಎಂದಾದರೆ, ಆ ಜಾಗವನ್ನು ಚೆನ್ನಾಗಿ ಇಟ್ಟುಕೊಳ್ಳುವ ಅಗತ್ಯ ನಮಗೇ ಜಾಸ್ತಿ. ಉಳಿದದ್ದನ್ನು ಖರ್ಚು ಮಾಡಲು ಸ್ನಾಯುವೂ ಬೇಕು. ಆದ್ದರಿಂದ ವ್ಯಾಯಾಮದ ಮಾತು ನಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ತೋಟದಮನೆ, ಸಿದ್ದಾಪುರ

ನಾವು ತೋಟದವರು. ಬೆಳಿಗ್ಗೆಯಿಂದ ಸಂಜೆ ತನಕ ಕೆಲಸ ಇದ್ದೇ ಇದೆ. ಆದರೂ ನಮ್ಮ ಕಡೆ ಮನೆಗೊಬ್ಬರಿಗೆ ಶುಗರ್. ಇದಕ್ಕೆ ಏನು ಹೇಳುತ್ತೀರಿ ಮೇಷ್ಟ್ರೇ?

ಕುಮಟಾದ ನರ್ಸಕ್ಕ

ಮೇಷ್ಟ್ರಿಗಿಂತ ಮೊದಲು ನಾನು ಹೇಳಲಾ? ನಮ್ಮಲ್ಲಿಗೆ ಬರುವ ತೋಟದವರನ್ನು ನಾನು ಮೊದಲು ಕೇಳುವುದು, ಯಾವ ಕೆಲಸ ನೀವೇ ಮಾಡುತ್ತೀರಿ, ಯಾವುದನ್ನು ನಿಂತು ಮಾಡಿಸುತ್ತೀರಿ ಅಂತ. ಸೊಪ್ಪಿನ ಬೆಟ್ಟಕ್ಕೆ ಹೋಗಿ ಸೊಪ್ಪು ಕಡಿದು ಹೊರೆ ಹೊತ್ತು ತರುವುದು ಈಗ ಎಷ್ಟು ಮನೆಯಲ್ಲಿದೆ? ಕಳೆ ಕತ್ತರಿಸಲು ಮಷಿನ್ ಬಂತು. ಅಡಿಕೆ ಗೊನೆ ಕೊಯ್ಯಲು ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದ ಕೋಲು ಬಂತು. ಮರ ಹತ್ತಿ ಜೀವ ಕಳೆದುಕೊಳ್ಳುವುದು ತಪ್ಪಿತು, ಅದು ದೊಡ್ಡ ಒಳ್ಳೆಯದು. ತೋಟಕ್ಕೆ ಹೋಗುವುದೂ ಬೈಕಿನಲ್ಲೇ. ಅಡಿಕೆ ಸುಲಿಯುವ ಕಾಲದಲ್ಲಂತೂ ಕೂತಲ್ಲಿಂದ ಏಳುವುದಿಲ್ಲ. ಪಕ್ಕದಲ್ಲಿ ಸಕ್ಕರೆ ಹಾಕಿದ ಚಹಾ, ಮತ್ತೆ ಎಲೆ ಅಡಿಕೆಯ ಕವಳ. ಸುಸ್ತು ಆಗುತ್ತದೆ, ನಿಜ. ಆದರೆ ಏದುಸಿರು ಬರುವ ಕೆಲಸ ಕಡಿಮೆಯಾಗಿದೆ. ಸುಸ್ತು ಆದಷ್ಟೂ ವ್ಯಾಯಾಮ ಆಯಿತು ಎಂದಲ್ಲ.

ಶಿರಸಿ ಮೇಷ್ಟ್ರು

ನರ್ಸಕ್ಕ ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಒಂದು ಊಟದ ನಂತರ ಸಕ್ಕರೆ ರಕ್ತದಲ್ಲಿ ಏರುತ್ತದೆ. ಅದನ್ನು ಒಳಗೆ ಎಳೆದುಕೊಳ್ಳುವ ದೊಡ್ಡ ಅಂಗ ಸ್ನಾಯು. ಸಾಮಾನ್ಯವಾಗಿ ಇನ್ಸುಲಿನ್ ಬಂದು ಬಾಗಿಲು ತೆರೆಯಬೇಕು. ಸ್ನಾಯು ಕೆಲಸ ಮಾಡುತ್ತಿದ್ದರೆ ಇನ್ಸುಲಿನ್ ಇಲ್ಲದೆಯೂ ಗ್ಲುಟ್-4 ಎಂಬ ಪ್ರೋಟೀನ್ ಕೋಶದ ಅಂಚಿಗೆ ಬಂದು ಸಕ್ಕರೆಯನ್ನು ಒಳಗೆ ಬಿಡುತ್ತದೆ. ವ್ಯಾಯಾಮ ನಿಲ್ಲಿಸಿದ ಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಹಾಗಾಗಿ ಸುಲಿಯಲು ಕೂತವರು ಊಟವಾದ ಮೇಲೆ ಅಂಗಳದಲ್ಲಿ ಹತ್ತು ನಿಮಿಷ ನಡೆದು ಮತ್ತೆ ಕೂತರೂ ಲಾಭ ಇದೆ. ಗಂಟೆಗೊಮ್ಮೆ ಎದ್ದರೆ ಇನ್ನೂ ಒಳ್ಳೆಯದು.

ಹೊನ್ನಾವರ ಜಿಮ್ ಹುಡುಗ

ಹೊಟ್ಟೆಯ ಕೊಬ್ಬಿಗೆ ಕ್ರಂಚಸ್ ಮಾಡುತ್ತಿದ್ದೇನೆ, ದಿನಾ ನೂರರ ಮೇಲೆ. ಬೆವರಲಿ ಅಂತ ಹೊಟ್ಟೆಗೆ ಬೆಲ್ಟ್ ಕೂಡ ಕಟ್ಟುತ್ತೇನೆ. ಜಿಮ್ಮಿನಲ್ಲಿ ಒಬ್ಬರು ಫ್ಯಾಟ್ ಬರ್ನರ್ ಡಬ್ಬಿ ಕೊಡುತ್ತೇನೆ ಎನ್ನುತ್ತಿದ್ದಾರೆ. ತಗೊಳ್ಳಲಾ?

ಶಿರಸಿ ಮೇಷ್ಟ್ರು

ಡಬ್ಬಿ ಬೇಡ ತಮ್ಮಾ. ಅದರಲ್ಲಿ ಏನಿದೆ ಎಂದು ಕೊಡುವವರಿಗೇ ಗೊತ್ತಿರುವುದಿಲ್ಲ. ಕೆಲವು ಡಬ್ಬಿಗಳಲ್ಲಿ ಎದೆಬಡಿತ ಏರಿಸುವ ಪದಾರ್ಥ ಇರುತ್ತದೆ. ಆ ದುಡ್ಡಿಗೆ ಮೊಟ್ಟೆ, ಬಂಗಡೆ, ಹೆಸರುಕಾಳು ತಿನ್ನು.

ಬೆಲ್ಟಿನಿಂದ ಹೋಗುವುದು ನೀರು. ಎರಡು ಲೋಟ ನೀರು ಕುಡಿದರೆ ವಾಪಸ್ ಬಂತು. ಕೊಬ್ಬು ಹೊರಗೆ ಹೋಗುವ ದಾರಿ ಎಲ್ಲಿದೆ ಗೊತ್ತಾ? ಉಸಿರಿನಲ್ಲಿ. ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. 10 ಕಿಲೊ ಕೊಬ್ಬು ಪೂರ್ತಿ ಉರಿದರೆ 8.4 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಶ್ವಾಸದಲ್ಲಿ ಹೋಗುತ್ತದೆ. ಉಳಿದ 1.6 ಕಿಲೊ ನೀರು.

ಕ್ರಂಚಸ್ ಮಾಡಿದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ. ಅದರ ಮೇಲಿನ ಕೊಬ್ಬು ಮಾತ್ರ ಅಲ್ಲೇ ಕರಗಬೇಕು ಎಂದೇನಿಲ್ಲ. 1971ರಲ್ಲೇ ಟೆನಿಸ್ ಆಟಗಾರರ ಎರಡೂ ಕೈ ಅಳೆದು ನೋಡಿದ್ದಾರೆ. ಆಡುವ ಕೈ ದಪ್ಪವಾಗಿತ್ತು. ಆದರೆ ಚರ್ಮದ ಕೆಳಗಿನ ಕೊಬ್ಬಿನ ಪದರ ಎರಡರಲ್ಲೂ ಒಂದೇ. ಕಾರಣ ಸರಳ. ನಾವು ಓಡುವಾಗ ಅಡ್ರಿನಲಿನ್, ನಾರ್‌ಅಡ್ರಿನಲಿನ್ ರಕ್ತಕ್ಕೆ ಬರುತ್ತವೆ, ಇನ್ಸುಲಿನ್ ಇಳಿಯುತ್ತದೆ. ಆಗ ಮೈಯ ಎಲ್ಲ ಕಡೆಯ ಕೊಬ್ಬಿನ ಕೋಶಗಳಿಗೂ ಅಪ್ಪಣೆ ಹೋಗುತ್ತದೆ. ಅವು ತಮ್ಮಲ್ಲಿರುವ ಟ್ರೈಗ್ಲಿಸರೈಡನ್ನು ಒಡೆದು ಕೊಬ್ಬಿನಾಮ್ಲವನ್ನು ರಕ್ತಕ್ಕೆ ಬಿಡುತ್ತವೆ. ದುಡಿಯುವ ಸ್ನಾಯು ಅದನ್ನು ರಕ್ತದಿಂದ ಎತ್ತಿಕೊಳ್ಳುತ್ತದೆ. ಪಕ್ಕದ ಕೊಬ್ಬೋ ದೂರದ ಕೊಬ್ಬೋ, ಅದಕ್ಕೆ ಲೆಕ್ಕವಿಲ್ಲ.

ಒಳ್ಳೆಯ ಸಂಗತಿ ಎಂದರೆ, ಕರುಳಿನ ಸುತ್ತಿನ ಒಳಕೊಬ್ಬು ಈ ಅಪ್ಪಣೆಗೆ ಬೇಗ ಓಗೊಡುತ್ತದೆ. ಕೆನಡಾದ ರಾಬರ್ಟ್ ರಾಸ್ ತಂಡ 2000ದಲ್ಲಿ ದಪ್ಪ ಮೈಯ 52 ಗಂಡಸರ ಮೇಲೆ ಮಾಡಿದ ಪ್ರಯೋಗದಲ್ಲಿ ಒಂದು ಗುಂಪು ವ್ಯಾಯಾಮ ಮಾಡಿತು, ಆದರೆ ತೂಕ ಇಳಿಯದಷ್ಟು ಊಟ ಮಾಡಿತು. ಅವರಲ್ಲೂ ಒಳಕೊಬ್ಬು ಕಡಿಮೆಯಾಯಿತು. ಕೋಡಿಬಾಗದ ಅಕ್ಕನ ಲಾಡಿ ಸಡಿಲವಾಗಲು ಇದೂ ಒಂದು ಕಾರಣ ಇರಬಹುದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಕೊಬ್ಬು ಹೊಟ್ಟೆಯ ಕಡೆ ಸೇರುವುದು ಹೆಚ್ಚು. ಆ ವಯಸ್ಸಿನಲ್ಲಿ ಸೊಂಟ ಇಳಿದಿದೆ ಎಂದರೆ ಅದು ಸಣ್ಣ ಮಾತಲ್ಲ.

ಇನ್ನೂ ಒಂದು ಸಂಗತಿ ನನಗೆ ಬಹಳ ಇಷ್ಟ. ಸ್ನಾಯು ದುಡಿಯುವಾಗ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವನ್ನು ರಕ್ತಕ್ಕೆ ಬಿಡುತ್ತದೆ. ಕೋಪನ್‌ಹೇಗನ್‌ನಲ್ಲಿ 2019ರಲ್ಲಿ ಹೊಟ್ಟೆ ಬಂದವರಿಗೆ 12 ವಾರ ಸೈಕಲ್ ತುಳಿಸಿದರು. ಒಳಕೊಬ್ಬು ಇಳಿಯಿತು. ಇಂಟರ್‌ಲ್ಯೂಕಿನ್-6 ಕೆಲಸವನ್ನು ಔಷಧಿಯಿಂದ ತಡೆದ ಇನ್ನೊಂದು ಗುಂಪು ಅಷ್ಟೇ ಸೈಕಲ್ ತುಳಿಯಿತು. ಅವರ ಒಳಕೊಬ್ಬು ಇಳಿಯಲಿಲ್ಲ. ಸ್ನಾಯು ಮತ್ತು ಕೊಬ್ಬು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ ಎನ್ನುವುದು ಇಲ್ಲಿ ಕಣ್ಣಿಗೆ ಕಾಣುವಂತಿದೆ.

ಹೊನ್ನಾವರ ಜಿಮ್ ಹುಡುಗ

ಬೆಲ್ಟ್ ಇವತ್ತೇ ತೆಗೆದಿಟ್ಟೆ. ವ್ಯಾಯಾಮ ಮಾಡಿದರೆ ಬಿಳಿ ಕೊಬ್ಬು ಕಂದು ಕೊಬ್ಬು ಆಗುತ್ತದೆ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ಹೌದಾ?

ಶಿರಸಿ ಮೇಷ್ಟ್ರು

ಇಲಿಗಳಲ್ಲಿ ಹೌದು. ಕಂದು ಕೊಬ್ಬು ಶಾಖ ಹುಟ್ಟಿಸಲು ಇಂಧನ ಉರಿಸುತ್ತದೆ. 2012ರಲ್ಲಿ ಹಾರ್ವರ್ಡಿನ ಬ್ರೂಸ್ ಸ್ಪೀಗಲ್ಮನ್ ತಂಡ ಐರಿಸಿನ್ ಎಂಬ ಹಾರ್ಮೋನಿನ ಬಗ್ಗೆ ಬರೆದ ಮೇಲೆ ಈ ಮಾತು ಎಲ್ಲ ಕಡೆ ಹಬ್ಬಿತು. ಮನುಷ್ಯರಲ್ಲಿ ವ್ಯಾಯಾಮದಿಂದ ಹಾಗೆ ಬಣ್ಣ ಬದಲಾಗುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಆ ಆಸೆಗೆ ಬೀಳುವುದು ಬೇಡ. ಮೇಲೆ ಹೇಳಿದ ಲಾಭಗಳೇ ಬೇಕಾದಷ್ಟು ಇವೆ.

ತೋಟದಮನೆ, ಸಿದ್ದಾಪುರ

ಕೊಬ್ಬು ಕರಗಿದಾಗ ಆ ಕೋಶಗಳು ಸತ್ತು ಹೋಗುತ್ತವಾ?

ಶಿರಸಿ ಮೇಷ್ಟ್ರು

ಇಲ್ಲ, ಕುಗ್ಗುತ್ತವೆ. ಇದನ್ನು ಕಂಡುಹಿಡಿದ ರೀತಿ ಸೊಗಸಾಗಿದೆ. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಎಂಬ ವಿಕಿರಣ ಸೂಸುವ ಇಂಗಾಲ ಏರಿತ್ತು. ಗಾಳಿಯಲ್ಲಿ ಅಂಥ ಪರೀಕ್ಷೆ ಬೇಡ ಎಂದ 1963ರ ಒಪ್ಪಂದದ ನಂತರ ಇಳಿಯುತ್ತಾ ಬಂತು. ಆ ಕಾಲದಲ್ಲಿ ಹುಟ್ಟಿದ ಪ್ರತಿ ಕೋಶದಲ್ಲೂ ಆ ವರ್ಷದ ಗುರುತು ಉಳಿಯಿತು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ತಂಡ ಅದನ್ನು ಹಿಡಿದು ಕೊಬ್ಬಿನ ಕೋಶಗಳ ವಯಸ್ಸು ಅಳೆಯಿತು. 2008ರಲ್ಲಿ ಫಲಿತಾಂಶ ಬಂತು. ದೊಡ್ಡವರಾದ ಮೇಲೆ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ವರ್ಷಕ್ಕೆ ಸುಮಾರು ಶೇ. 10ರಷ್ಟು ಸಾಯುತ್ತವೆ, ಅಷ್ಟೇ ಹೊಸದು ಹುಟ್ಟುತ್ತವೆ. ತೂಕ ತುಂಬಾ ಇಳಿಸಿದವರಲ್ಲೂ ಸಂಖ್ಯೆ ಇಳಿದಿರಲಿಲ್ಲ. ಅಂದರೆ ಹಳೆಯವು ಹೋಗಿ ಹೊಸವು ಬಂದರೂ ಹೆಚ್ಚುಕಡಿಮೆ ಅಷ್ಟೇ ಕೋಶಗಳು ನಮ್ಮ ಜೊತೆ ಇರುತ್ತವೆ. ಅವನ್ನು ಆರೋಗ್ಯವಾಗಿ ಇಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ.

ಹಳೇ ಅಂಕೋಲಾ

ಊಟದ ವಿಷಯ ಯಾರೂ ಎತ್ತುತ್ತಿಲ್ಲ. ನನ್ನ ಅನುಭವದಲ್ಲಿ ಊಟ ಹಿಡಿತಕ್ಕೆ ಬರದೆ ಎಷ್ಟು ನಡೆದರೂ ಅಷ್ಟೇ. ಬಟ್ಟಲು ತುಂಬ ಅನ್ನ, ಮೇಲೆ ಮತ್ತೊಮ್ಮೆ ಅನ್ನ. ರಾತ್ರಿ ಯಕ್ಷಗಾನಕ್ಕೆ ಹೋದರೆ ಭಜಿ, ಚಹಾ.

ಶಿರಸಿ ಮೇಷ್ಟ್ರು

ತೂಕ ಇಳಿಸುವ ವಿಷಯದಲ್ಲಿ ಊಟವೇ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಬ್ರಿಟನ್ನಿನ ಡೈರೆಕ್ಟ್ ಎಂಬ ಹೆಸರಿನ ಪ್ರಯೋಗದಲ್ಲಿ ಊಟದ ಕ್ಯಾಲರಿ ಬಹಳ ಇಳಿಸಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಶೇ. 46ರಷ್ಟು ಜನ ಒಂದು ವರ್ಷದಲ್ಲಿ ಔಷಧಿ ಇಲ್ಲದೆ ಸಕ್ಕರೆ ಕಾಯಿಲೆಯ ಮಟ್ಟಕ್ಕಿಂತ ಕೆಳಗೆ ಬಂದರು. ಲಿವರ್, ಪ್ಯಾಂಕ್ರಿಯಾಸಿನಲ್ಲಿ ಸೇರಿದ ಕೊಬ್ಬು ಇಳಿದದ್ದೇ ಕಾರಣ ಎಂದು ಆ ತಂಡದ ರಾಯ್ ಟೇಲರ್ ವಿವರಿಸುತ್ತಾರೆ. ಅದು ವೈದ್ಯರ ಕಣ್ಣೆದುರು ಮಾಡಬೇಕಾದ್ದು, ಮನೆಯಲ್ಲಿ ತಾವಾಗಿ ಅಲ್ಲ.

ನಮ್ಮ ದೇಶದ ಪ್ರಯೋಗವೂ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ್ದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಊಟದ ಸಲಹೆ ಮತ್ತು ನಡಿಗೆ ಎರಡನ್ನೂ ಹೇಳಿದರು. ಕಾಯಿಲೆ ಬರುವ ಅಪಾಯ ಶೇ. 28.5ರಷ್ಟು ಕಡಿಮೆಯಾಯಿತು. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ ಶೇ. 26.4. ಅಲ್ಲಿ ತೂಕ ಅಷ್ಟಾಗಿ ಇಳಿದಿರಲಿಲ್ಲ. ಇಳಿಯದೆಯೇ ಲಾಭವಾಯಿತು. ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಅಂಕಿ ಇದೇ. ಊಟ, ನಡಿಗೆ ಜಗಳ ಹಚ್ಚಬೇಡಿ. ಎರಡನೇ ಸಲದ ಅನ್ನದ ಬದಲು ಪಲ್ಯ, ತಂಬುಳಿ, ಮೀನು. ಜೊತೆಗೆ ನಡಿಗೆ.

ಬೈತಖೋಲದ ಹುಡುಗ

ನಮ್ಮ ಮನೆಯ ಸಮಸ್ಯೆ ಬೇರೆ. ಅಪ್ಪ, ಚಿಕ್ಕಪ್ಪ ಎಲ್ಲ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್. ಆ ಎರಡು ತಿಂಗಳು ಮನೆಯಲ್ಲೇ. ಹೊರಗೆ ಮಳೆ. ಊಟ ಮಾತ್ರ ಬೋಟಿನ ಮೇಲೆ ಉಣ್ಣುವಷ್ಟೇ. ಆಗಸ್ಟಿನಲ್ಲಿ ಎಲ್ಲರಿಗೂ ಹೊಟ್ಟೆ ಬಂದಿರುತ್ತದೆ, ಅಪ್ಪನ ಶುಗರ್ ಏರಿರುತ್ತದೆ. ಮೊದಲು ಎಲ್ಲರೂ ಸೇರಿ ದಡದಿಂದ ಕೈಯಲ್ಲೇ ರಂಪಣಿ ಬಲೆ ಎಳೆಯುವಾಗ ಹೀಗಿರಲಿಲ್ಲ ಎನ್ನುತ್ತಾರೆ ಅಜ್ಜ.

ಶಿರಸಿ ಮೇಷ್ಟ್ರು

ನಿನ್ನ ಪ್ರಶ್ನೆ ಈ ಜಿಲ್ಲೆಯ ಎಲ್ಲರದ್ದೂ. ಡೆನ್ಮಾರ್ಕಿನಲ್ಲಿ ಆರೋಗ್ಯವಂತ 10 ಯುವಕರಿಗೆ ನಡಿಗೆ ಕಡಿಮೆ ಮಾಡಲು ಹೇಳಿದರು. ದಿನಕ್ಕೆ 10 ಸಾವಿರ ಹೆಜ್ಜೆ ಹಾಕುತ್ತಿದ್ದವರು 1,300ರ ಆಸುಪಾಸಿಗೆ ಇಳಿದರು. ಬರೀ 2 ವಾರ. ಇನ್ಸುಲಿನ್ನಿಗೆ ಮೈ ಸ್ಪಂದಿಸುವುದು ಶೇ. 17ರಷ್ಟು ಕುಸಿಯಿತು. ಎರಡು ವಾರಕ್ಕೇ ಹೀಗಾದರೆ, ನಮ್ಮ ಮಳೆಗಾಲ ನಾಲ್ಕು ತಿಂಗಳು. ಮಳೆಗಾಲಕ್ಕೆ ಅಂತಲೇ ಒಂದು ಏರ್ಪಾಡು ಮೊದಲೇ ಮಾಡಿಟ್ಟುಕೊಳ್ಳಬೇಕು.

ಜಗಲಿ ಉದ್ದ ಇದ್ದರೆ ಅಲ್ಲೇ ನಡೆಯಬಹುದು. ಮೆಟ್ಟಿಲಿದ್ದರೆ ಹತ್ತಿ ಇಳಿಯಬಹುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಬ್ಬುವುದು, ನೀರು ತುಂಬಿದ ಕೊಡ ಎತ್ತಿ ಇಡುವುದು. ಇವೆಲ್ಲ ಸ್ನಾಯುವಿನ ವ್ಯಾಯಾಮವೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ. ಜೊತೆಗೆ ವಾರದಲ್ಲಿ 2 ದಿನವಾದರೂ ಸ್ನಾಯುವಿಗೆ ಕೆಲಸ. ಒಂದೇ ಸಲ ಮಾಡಬೇಕೆಂದಿಲ್ಲ. ಹೊತ್ತಿಗೆ ಹತ್ತು ನಿಮಿಷ ಆದರೂ ಲೆಕ್ಕಕ್ಕೆ ಬರುತ್ತದೆ. ಬಲೆ ಹೆಣೆಯಲು ಕೂತ ಅಪ್ಪನನ್ನು ನಡುನಡುವೆ ಎಬ್ಬಿಸು. ಬೋಟು ನಿಂತ ತಿಂಗಳಲ್ಲಿ ಅನ್ನವೂ ಸ್ವಲ್ಪ ಕಡಿಮೆಯಾಗಲಿ.

ಕುಮಟಾದ ನರ್ಸಕ್ಕ

ಎಚ್ಚರಿಕೆಯ ಮಾತು ನಾನು ಹೇಳಲೇಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತಗೊಳ್ಳುವವರು ಬರಿ ಹೊಟ್ಟೆಯಲ್ಲಿ ಜಾಸ್ತಿ ವ್ಯಾಯಾಮ ಮಾಡಿದರೆ ಸಕ್ಕರೆ ತೀರಾ ಇಳಿಯಬಹುದು. ಕೈ ನಡುಕ, ತಣ್ಣನೆ ಬೆವರು, ಮಂಪರು ಬಂದರೆ ತಕ್ಷಣ ಸಕ್ಕರೆಯನ್ನೋ ಗ್ಲೂಕೋಸನ್ನೋ ತಿನ್ನಬೇಕು. ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಹೊಸದಾಗಿ ಶುರುಮಾಡುವವರು ಮಾತ್ರೆಯ ಪ್ರಮಾಣದ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.

ನಡೆಯುವಾಗ ಎದೆ ಹಿಡಿದಂತಾದರೆ, ನೋವು ಕೈಗೋ ದವಡೆಗೋ ಹರಿದರೆ ಅಲ್ಲೇ ನಿಲ್ಲಿ, ತಡಮಾಡದೆ ಆಸ್ಪತ್ರೆಗೆ ಬನ್ನಿ. ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ.

ಕಡಲತೀರದವರಿಗೆ ಇನ್ನೊಂದು. ಬರಿಗಾಲಲ್ಲಿ ಮರಳ ಮೇಲೆ ನಡೆದರೆ ಶುಗರ್ ಹೋಗುತ್ತದೆ ಎಂದು ಯಾರೋ ಹಬ್ಬಿಸಿದ್ದಾರೆ. ಪಾದದ ಸ್ಪರ್ಶ ಕಡಿಮೆಯಾದವರಿಗೆ ಅದು ಅಪಾಯ. ಚಿಪ್ಪು ಚುಚ್ಚಿದರೂ, ಬಿಸಿ ಮರಳಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಆಮೇಲೆ ಗಾಯ ಮಾಯುವುದಿಲ್ಲ. ಬೂಟು ಹಾಕಿ ನಡೆಯಿರಿ. ಮಳೆಗಾಲದಲ್ಲಿ ಬೆರಳ ಸಂದಿಯನ್ನು ದಿನಾ ಒರೆಸಿ ನೋಡಿ.

ಕೋಡಿಬಾಗದ ಅಕ್ಕ, ಕಾರವಾರ

ಎಲ್ಲರಿಗೂ ತುಂಬ ಧನ್ಯವಾದ. ನಾನು ಬೂಟು ಹಾಕಿಯೇ ನಡೆಯುತ್ತೇನೆ. ಮಳೆ ಜೋರಾದ ದಿನ ಮನೆಯ ತಾರಸಿಯ ಶೀಟಿನ ಕೆಳಗೆ ನಡೆಯುತ್ತೇನೆ, ನಾದಿನಿಯನ್ನೂ ಕರೆದುಕೊಂಡು. ತೂಕ ನೋಡುವುದು ಬಿಟ್ಟರೆ ಮತ್ತೆ ಯಾವುದನ್ನು ನೋಡಬೇಕು?

ಕುಮಟಾದ ನರ್ಸಕ್ಕ

ತೂಕವನ್ನೂ ಅಪರೂಪಕ್ಕೆ ನೋಡಿ, ಆದರೆ ಅದೊಂದನ್ನೇ ಅಲ್ಲ. ತಿಂಗಳಿಗೊಮ್ಮೆ ಸೊಂಟ ಅಳೆಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ, ಹೊಟ್ಟೆ ಒಳಗೆ ಎಳೆಯದೆ ಟೇಪ್ ಹಿಡಿಯಬೇಕು. ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಡಾಕ್ಟರು ಹೇಳಿದಾಗ ಮಾಡಿಸಿ. ಸಕ್ಕರೆ ಇದ್ದವರು ಎಚ್‌ಬಿಎ1ಸಿ ಮಾಡಿಸಬೇಕು. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಹಾಗಾಗಿ ವಾರವಾರ ಮಾಡಿಸಿ ಪ್ರಯೋಜನ ಇಲ್ಲ. ನಿಮ್ಮ ನಾದಿನಿಯವರ ಸೊಂಟವನ್ನೂ ಶುರುವಿನಲ್ಲೇ ಅಳೆದು ಬರೆದಿಡಿ ಅಕ್ಕಾ. ಅವರಿಗೆ ಬಿಪಿ ಮಾತ್ರೆ ಇದ್ದರೆ ಮೊದಲ ವಾರ ನಿಧಾನ ನಡೆಯಲಿ, ಮಾತಾಡುತ್ತಾ ನಡೆಯುವಷ್ಟು ಉಸಿರು ಇರಲಿ.